ದಸರಾ ರಜೆಯಲ್ಲಿ ಬಿಡದಿಯ ವಂಡರ್‌ಲಾ: ದೊಡ್ಡ ರೈಡುಗಳ ಉದ್ದನೆಯ ಸಾಲನ್ನು ನಿಭಾಯಿಸುವುದು ಹೇಗೆ?

ಶಿವಮೊಗ್ಗದ ಗೃಹಿಣಿ:

ಎಲ್ಲರಿಗೂ ನಮಸ್ಕಾರ. ಈ ಸಲದ ದಸರಾ ರಜೆಯಲ್ಲಿ ಮಕ್ಕಳನ್ನು ಬಿಡದಿಯ ವಂಡರ್‌ಲಾಗೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದ್ದೇವೆ. ನಾವು ಒಟ್ಟು ಐದು ಜನ: ನಾನು, ನನ್ನ ಯಜಮಾನರು, ಹದಿಮೂರು ವರ್ಷದ ಮಗಳು, ಎಂಟು ವರ್ಷದ ಮಗ ಮತ್ತು ಮಂಡಿನೋವಿನಿಂದ ಬಳಲುತ್ತಿರುವ ನಮ್ಮ ಅತ್ತೆ. ಹಿಂದಿನ ರಾತ್ರಿ ಕೆಂಗೇರಿಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಉಳಿದುಕೊಳ್ಳುವುದರಿಂದ ಬೆಳಿಗ್ಗೆ ಬೇಗ ತಲುಪುವುದು ಕಷ್ಟವಾಗದು.

ನನಗಿರುವ ಆತಂಕ ಸಾಲಿನದು. ಎರಡು ವರ್ಷಗಳ ಹಿಂದೆ ಬೇಸಿಗೆ ರಜೆಯ ಒಂದು ಭಾನುವಾರ ಬೇರೆ ರಾಜ್ಯದ ಒಂದು ಪಾರ್ಕ್‌ಗೆ ಹೋಗಿದ್ದೆವು. ಐದು ಜನರಿಗೆ ಅಷ್ಟೊಂದು ಹಣ ಕೊಟ್ಟು, ಬೆಳಗಿನಿಂದ ಸಂಜೆಯವರೆಗೆ ನಾವು ಹತ್ತಿದ್ದು ನಾಲ್ಕೇ ರೈಡು. ಒಂದು ರೋಲರ್ ಕೋಸ್ಟರ್‌ಗಾಗಿ ಒಂದು ಗಂಟೆ ಐವತ್ತು ನಿಮಿಷ ಬಿಸಿಲಲ್ಲಿ ನಿಂತೆವು. ಆ ನಡುವೆ ನಮ್ಮ ಮುಂದೆ ಒಬ್ಬರೇ ನಿಂತಿದ್ದವರ ಜೊತೆಗೆ ಅವರ ಬಳಗದ ಒಂಬತ್ತು ಜನ ಕಂಬಿಯಡಿ ನುಸುಳಿ ಬಂದು ಸೇರಿಕೊಂಡರು. ಕೊನೆಗೆ ಮೆಟ್ಟಿಲ ಮೇಲೆ ಹತ್ತಿ ನಿಂತಾಗ ಮಗ ಅಳತೆಕೋಲಿಗಿಂತ ಎರಡು ಬೆರಳು ಕಡಿಮೆ ಇದ್ದಾನೆಂದು ಹೇಳಿ ಅವನನ್ನು ಪಕ್ಕದ ಬಾಗಿಲಿನಿಂದ ಹೊರಗೆ ಕಳುಹಿಸಿದರು. ಆಗ ಅವನಿಗೆ ಆರು ವರ್ಷ. ಅವನು ಅಳಲಿಲ್ಲ, ಕಂಬಿಯನ್ನು ಹಿಡಿದುಕೊಂಡು ಅಕ್ಕ ಹೋಗಿ ಕೂರುವುದನ್ನೇ ನೋಡುತ್ತಾ ನಿಂತ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಅದೇ ರೀತಿ ಮತ್ತೆ ಆಗಬಾರದು. ಯಾವ ದಿನ ಹೋದರೆ ಒಳ್ಳೆಯದು, ಯಾವ ರೈಡನ್ನು ಮೊದಲು ಹತ್ತಬೇಕು, ಉದ್ದನೆಯ ಸಾಲನ್ನು ದಾಟಿ ಬೇಗ ಹತ್ತಲು ಬಿಡುವ, ಹೆಚ್ಚಿನ ಬೆಲೆಯ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಐವರಿಗೂ ಬೇಕೇ, ಅತ್ತೆಯವರನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿಕೊಡಿ.

ರಾಮನಗರದ ನಿವಾಸಿ:

ಮೇಡಂ, ವಂಡರ್‌ಲಾ ಬಿಡದಿಯಲ್ಲಿ ಬಾಗಿಲು ತೆರೆದದ್ದು 2005ರಲ್ಲಿ. ಅಂದಿನಿಂದ ಇಂದಿನವರೆಗೆ, ಊರಿನಿಂದ ಬಂದ ನೆಂಟರಿಷ್ಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೇ ಬಂದಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ದಿನದ ಮಾತು. ವಾರದ ದಿನ ಹೋದರೆ ಖಾಲಿ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ವರ್ಷವಿಡೀ ನಿಜವಲ್ಲ. ನವೆಂಬರ್‌ನಿಂದ ಜನವರಿಯವರೆಗೆ ಶಾಲೆಗಳ ಪ್ರವಾಸದ ಕಾಲ; ಆ ತಿಂಗಳುಗಳಲ್ಲಿ ಮಂಗಳವಾರ, ಬುಧವಾರಗಳಂದೂ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ ಮತ್ತು ಒಂದು ಬಸ್ಸಿನ ಐವತ್ತು ಮಕ್ಕಳು ಒಟ್ಟಿಗೇ ಒಂದೇ ರೈಡಿನ ಸಾಲಿಗೆ ಓಡುತ್ತಾರೆ. ಏಪ್ರಿಲ್, ಮೇ ಹೇಗಿರುತ್ತದೆಂಬುದು ನಿಮಗೆ ಗೊತ್ತೇ ಇದೆ. ಶಾಲೆಗಳು ಶುರುವಾದ ಮೇಲೆ, ಜೂನ್ ಮಧ್ಯದಿಂದ ಆಗಸ್ಟ್ ಮೊದಲ ವಾರದವರೆಗಿನ ವಾರದ ದಿನಗಳೇ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹಗುರ. ನಿಮಗೆ ದಸರಾ ರಜೆಯೇ ಬೇಕಾಗಿರುವುದರಿಂದ, ಶನಿವಾರ, ಭಾನುವಾರಗಳನ್ನೂ ವಿಜಯದಶಮಿಯ ಹಿಂದುಮುಂದಿನ ದಿನಗಳನ್ನೂ ಬಿಟ್ಟುಬಿಡಿ. ಜಂಬೂಸವಾರಿ ನೋಡಲು ಹೊರಟವರೂ ಇದೇ ಮೈಸೂರು ರಸ್ತೆಯಲ್ಲಿರುತ್ತಾರೆ, ಹೀಗಾಗಿ ಕೆಂಗೇರಿಯಿಂದ ಹೊರಟ ಮೇಲೂ ನಿಮ್ಮ ಬೆಳಗಿನ ಸಮಯ ರಸ್ತೆಯಲ್ಲೇ ಕಳೆದುಹೋದೀತು. ರಜೆ ಶುರುವಾದ ಮೊದಲ ವಾರದ ಮಂಗಳವಾರ ಅಥವಾ ಬುಧವಾರ ಸಿಕ್ಕಿದರೆ ಅದನ್ನೇ ಹಿಡಿಯಿರಿ.

ಇನ್ನು ಸಮಯ. ಟಿಕೆಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಕೌಂಟರಿನ ಸಾಲು ಆ ದಿನದ ಮೊದಲ ಸಾಲು ಎಂಬುದನ್ನು ಅನೇಕರು ಮರೆಯುತ್ತಾರೆ. ಬಾಗಿಲು ತೆರೆಯುವುದಕ್ಕೆ ಅರ್ಧ ಗಂಟೆ ಮುಂಚೆಯೇ ಅಲ್ಲಿರಿ. ಒಳಗೆ ಹೋದವರಲ್ಲಿ ಬಹುಪಾಲು ಜನ ಕಣ್ಣಿಗೆ ಬಿದ್ದ ಮೊದಲ ರೈಡಿಗೆ ನಿಂತುಬಿಡುತ್ತಾರೆ. ನೀವು ಹಾಗೆ ಮಾಡದೆ ನೇರವಾಗಿ ರಿಕಾಯಿಲ್‌ನಂತಹ ದೊಡ್ಡ ಕೋಸ್ಟರ್‌ಗೆ ನಡೆದುಬಿಡಿ. ಆ ಮೊದಲ ಒಂದು ಗಂಟೆಯಲ್ಲಿ ಎರಡು ಮೂರು ದೊಡ್ಡ ರೈಡು ಮುಗಿಯುತ್ತವೆ. ಅದೇ ಕೆಲಸಕ್ಕೆ ಮಧ್ಯಾಹ್ನದ ಹೊತ್ತಿನಲ್ಲಾದರೆ ಮೂರು ತಾಸು ಬೇಕಾಗುತ್ತದೆ.

ನೀರಿನ ಆಟಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಬಟ್ಟೆ ಬದಲಾಯಿಸುವುದು, ಲಾಕರ್ ಹಿಡಿಯುವುದು, ಮತ್ತೆ ಒಣಗಿಸಿಕೊಳ್ಳುವುದು ಎಲ್ಲ ಸೇರಿ ಒಂದು ಸಲಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಆದ್ದರಿಂದ ಎರಡೆರಡು ಸಲ ನೀರಿಗಿಳಿಯುವ ಯೋಚನೆಯೇ ಬೇಡ. ಹತ್ತಿ ಬಟ್ಟೆ ಹಾಕಿಕೊಂಡು ನೀರಿಗಿಳಿಯಲು ಬಿಡುವುದಿಲ್ಲ. ನೈಲಾನ್ ಅಥವಾ ಅಂಥದೇ ಬಟ್ಟೆಯನ್ನು ಶಿವಮೊಗ್ಗದಿಂದಲೇ ತಂದರೆ ಅಲ್ಲಿ ಮತ್ತೊಂದು ಕೌಂಟರಿನ ಮುಂದೆ ನಿಲ್ಲುವುದು ತಪ್ಪುತ್ತದೆ. ಅಲೆಗಳ ಕೊಳ, ರೇನ್ ಡಿಸ್ಕೋಗಳಲ್ಲಿ ನೂರಾರು ಜನ ಒಮ್ಮೆಲೇ ಆಡುವುದರಿಂದ ಅಲ್ಲಿ ಸಾಲಿನ ಕಾಟವಿಲ್ಲ. ಜನ ಅತಿಯಾಗಿ ಕಿಕ್ಕಿರಿದಿರುವ ಹೊತ್ತನ್ನು ಅಲ್ಲಿ ಕಳೆದು, ಸಂಜೆ ಊರಿಗೆ ಹೊರಡುವವರು ಹೊರಟ ಮೇಲೆ ಉಳಿದ ರೈಡುಗಳಿಗೆ ಬನ್ನಿ. ಊಟವನ್ನು ಹನ್ನೆರಡಕ್ಕೆ ಮುಂಚೆ ಅಥವಾ ಎರಡೂವರೆಯ ನಂತರ ಮಾಡಿ.

ಮಗನ ಎತ್ತರವನ್ನು ಮನೆಯಲ್ಲೇ, ಚಪ್ಪಲಿ ಇಲ್ಲದೆ, ಗೋಡೆಗೆ ನಿಲ್ಲಿಸಿ ಸೆಂಟಿಮೀಟರಿನಲ್ಲಿ ಅಳೆದುಕೊಂಡು ಬನ್ನಿ. ಯಾವ ರೈಡಿಗೆ ಎಷ್ಟು ಎತ್ತರ ಬೇಕೆಂದು ಪಾರ್ಕಿನವರೇ ತಮ್ಮ ತಾಣದಲ್ಲಿ ಹಾಕಿರುತ್ತಾರೆ. ಅವನಿಗೆ ಸಿಗದ ರೈಡುಗಳ ಹೆಸರನ್ನು ಹೊರಡುವ ಮುನ್ನವೇ ಅವನಿಗೆ ಹೇಳಿಬಿಡಿ. ಮನೆಯಲ್ಲಿ ಕೇಳಿದ ‘ಇಲ್ಲ’ವನ್ನು ಮಕ್ಕಳು ತಾಳಿಕೊಳ್ಳುತ್ತಾರೆ, ಎರಡು ಗಂಟೆ ನಿಂತ ಮೇಲೆ ಕೇಳಿದ್ದನ್ನು ತಾಳಿಕೊಳ್ಳಲಾರರು.

ಹಿಂದೆ ರೈಡ್ ಆಪರೇಟರ್ ಆಗಿದ್ದವನು:

ನಾನು ಒಂದು ಪಾರ್ಕಿನಲ್ಲಿ ಆರು ವರ್ಷ ಕೋಸ್ಟರ್ ನಡೆಸುವ ಕೆಲಸ ಮಾಡಿದ್ದೇನೆ. ಸಾಲು ಏಕೆ ನಿಧಾನವಾಗುತ್ತದೆ ಎಂಬುದು ಕೆಳಗೆ ನಿಂತವರಿಗೆ ಕಾಣುವುದಿಲ್ಲ, ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ನಿಂತ ನಮಗೆ ಕಾಣುತ್ತದೆ. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಮುಂದಕ್ಕೆ ಹೋಗಿ ಅದೇ ಹಳಿಯ ಮೇಲೆ ಹಿಂದಕ್ಕೆ ಬರುವ ಕೋಸ್ಟರ್‌ನಲ್ಲಿ ಸಾಮಾನ್ಯವಾಗಿ ಒಂದೇ ಗಾಡಿ ಇರುತ್ತದೆ. ಒಂದು ಗಾಡಿ ಹಳಿಯ ಮೇಲೆ ಓಡುತ್ತಿರುವಾಗ ಇನ್ನೊಂದರಲ್ಲಿ ಜನರನ್ನು ಕೂರಿಸುವ ಅನುಕೂಲ ಹೆಚ್ಚಾಗಿ ಸುತ್ತು ಹಾಕುವ ಹಳಿಗೆ ಇರುತ್ತದೆ. ಹಾಗಾಗಿ ಇಂತಹ ರೈಡಿನಲ್ಲಿ ಜನ ಇಳಿಯುವ, ಹತ್ತುವ, ಬೆಲ್ಟ್ ಕಟ್ಟಿಕೊಳ್ಳುವ ಪ್ರತಿಯೊಂದು ಕ್ಷಣವೂ ಇಡೀ ಸಾಲಿನ ಲೆಕ್ಕಕ್ಕೆ ಸೇರುತ್ತದೆ. ಓಟ ಎರಡು ನಿಮಿಷದ್ದಾದರೂ, ಅದರ ಮುಂಚಿನ ತಯಾರಿಗೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತಿತ್ತು.

ಆ ಹೊತ್ತಿನಲ್ಲಿ ಏನಾಗುತ್ತದೆ ನೋಡಿ. ಗೇಟು ತೆರೆಯುತ್ತದೆ, ಇಪ್ಪತ್ತಕ್ಕೂ ಹೆಚ್ಚು ಜನ ಒಳಗೆ ಬರುತ್ತಾರೆ. ಒಬ್ಬರು ಕೂತ ಮೇಲೆ ಮೊಬೈಲ್ ನೆನಪಾಗಿ ಎದ್ದು ಹೋಗಿ ಅದನ್ನು ಸ್ನೇಹಿತನ ಕೈಗೆ ಕೊಟ್ಟು ಬರುತ್ತಾರೆ. ಇನ್ನೊಬ್ಬರ ಚಪ್ಪಲಿ ಸಡಿಲ. ಮತ್ತೊಬ್ಬರ ದುಪಟ್ಟಾ ಗಂಟು ಹಾಕಿಲ್ಲ. ಮೊದಲ ಸಾಲಿನ ಸೀಟಿಗಾಗಿ ಇಬ್ಬರಲ್ಲಿ ಮಾತು ಬೆಳೆಯುತ್ತದೆ. ನಾವು ಪ್ರತಿಯೊಬ್ಬರ ಭುಜದ ಮೇಲಿನ ಕಂಬಿಯನ್ನು ಒತ್ತಿ, ಮೇಲಕ್ಕೆಳೆದು ಪರೀಕ್ಷಿಸಿ, ಇಬ್ಬರೂ ಸಹಾಯಕರು ಕೈಯೆತ್ತಿದ ಮೇಲಷ್ಟೇ ಗುಂಡಿ ಒತ್ತಬೇಕು. ಯಾರಾದರೂ ಕೊನೆಯ ಕ್ಷಣದಲ್ಲಿ ಹೆದರಿ ಇಳಿಯುತ್ತೇನೆಂದರೆ ಎಲ್ಲರ ಕಂಬಿಯನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಪರೀಕ್ಷೆ. ಈ ಪರೀಕ್ಷೆಯಲ್ಲಿ ಆತುರ ಮಾಡಿ ಎಂದು ಯಾರೂ ಕೇಳಬಾರದು, ಕೇಳಿದರೂ ನಾವು ಮಾಡುತ್ತಿರಲಿಲ್ಲ. ಆದರೆ ಸಾಲಿನಲ್ಲಿ ನಿಂತಿರುವಾಗಲೇ ಜೇಬು ಖಾಲಿ ಮಾಡಿಕೊಂಡು, ಕನ್ನಡಕ ತೆಗೆದಿಟ್ಟು, ಯಾರು ಯಾರ ಪಕ್ಕ ಎಂದು ತೀರ್ಮಾನಿಸಿಕೊಂಡು ಬರುವ ಕುಟುಂಬಗಳನ್ನು ಕಂಡರೆ ನಮಗೆ ಕೈಮುಗಿಯಬೇಕೆನಿಸುತ್ತಿತ್ತು.

ಮೂವರ ಗುಂಪು ನಾಲ್ಕು ಸೀಟಿನ ಸಾಲಿನಲ್ಲಿ ಕೂತರೆ ಒಂದು ಸೀಟು ಖಾಲಿ. ಆಗ ನಾವು ಸಾಲಿನ ಕಡೆಗೆ ತಿರುಗಿ “ಒಬ್ಬರೇ ಇರುವವರು ಯಾರಾದರೂ ಇದ್ದೀರಾ?” ಎಂದು ಕೂಗುತ್ತಿದ್ದೆವು. ನಿಮ್ಮ ಮಗಳು ಒಬ್ಬಳೇ ಕೂರಲು ಸಿದ್ಧಳಿದ್ದರೆ, ಅಂತಹ ಕೂಗಿಗೆ ಕೂಡಲೇ ಕೈಯೆತ್ತಲು ಹೇಳಿ. ಹತ್ತು ಹದಿನೈದು ನಿಮಿಷ ಹೀಗೇ ಉಳಿಯುವುದುಂಟು.

ನಡುವೆ ನುಗ್ಗುವವರ ವಿಷಯ: ಪ್ಲಾಟ್‌ಫಾರ್ಮಿನ ಆಪರೇಟರ್ ತನ್ನ ಜಾಗ ಬಿಟ್ಟು ಬರುವಂತಿಲ್ಲ. ಅವನನ್ನು ಕೂಗಿ ಕರೆಯುವುದಕ್ಕಿಂತ, ಸಾಲಿನ ಬಾಯಿಯಲ್ಲಿ ನಿಂತಿರುವ ಸಿಬ್ಬಂದಿಗೆ ತಿಳಿಸಿ. ನಿಮ್ಮ ಹಿಂದಿರುವ ಇಬ್ಬರು ಮೂವರು ಒಟ್ಟಿಗೆ ಹೇಳಿದರೆ ಅದಕ್ಕೆ ಹೆಚ್ಚಿನ ಬೆಲೆ. ಹಾಗೆಯೇ ನಿಮ್ಮ ಮಗನಿಗೆ ನಡುವೆ ಶೌಚಾಲಯಕ್ಕೆ ಹೋಗಬೇಕಾದರೆ, ಹೊರಡುವ ಮುಂಚೆ ಹಿಂದಿನವರಿಗೆ “ಇವನು, ಇವರಪ್ಪ ಹೋಗಿ ಬರುತ್ತಾರೆ” ಎಂದು ಮುಖ ತೋರಿಸಿ ಹೇಳಿಬಿಡಿ. ಹೇಳದೆ ಹೋದವರು ಮರಳಿ ಬಂದಾಗಲೇ ನಾನು ಕಂಡ ಬಹುತೇಕ ಜಗಳಗಳು ಹುಟ್ಟಿದ್ದು.

ಗಣಿತದ ಅಧ್ಯಾಪಕ, ಧಾರವಾಡ:

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ, ಏಕೆಂದರೆ ಸಾಲಿಗೆ ಸೇರಬೇಕೋ ಬೇಡವೋ ಎಂಬ ತೀರ್ಮಾನವನ್ನು ಅದರ ಉದ್ದವನ್ನು ಕಣ್ಣಳತೆಯಲ್ಲಿ ನೋಡಿ ಮಾಡಿದರೆ ಮೋಸ ಹೋಗುತ್ತೇವೆ. ಸಾಲಿನಲ್ಲಿರುವವರ ಸಂಖ್ಯೆಯು ಒಂದು ನಿಮಿಷಕ್ಕೆ ಒಳಹೋಗುವವರ ಸಂಖ್ಯೆಯನ್ನು ಕಾಯುವ ನಿಮಿಷಗಳಿಂದ ಗುಣಿಸಿದಷ್ಟಿರುತ್ತದೆ. ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮವಿದು, ಬ್ಯಾಂಕಿನ ಕೌಂಟರಿಗೂ ಕೋಸ್ಟರ್‌ಗೂ ಸಮಾನವಾಗಿ ಅನ್ವಯಿಸುತ್ತದೆ.

ಒಂದು ರೈಡಿನಲ್ಲಿ 24 ಸೀಟುಗಳಿವೆ, ಒಂದು ಸುತ್ತಿಗೆ ಹತ್ತುವುದು ಇಳಿಯುವುದು ಸೇರಿ 4 ನಿಮಿಷ ಎಂದಿಟ್ಟುಕೊಳ್ಳಿ. ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 180 ಜನರಿದ್ದರೆ ಅರ್ಧ ಗಂಟೆ. ಈಗ ಮೊಬೈಲ್, ಚಪ್ಪಲಿಗಳ ಗೊಂದಲದಿಂದ ಸುತ್ತು 5 ನಿಮಿಷಕ್ಕೆ ಏರಿದರೆ ಗಂಟೆಗೆ 288 ಜನ ಮಾತ್ರ. ನಿಮ್ಮ ಅರ್ಧ ಗಂಟೆ ಮೂವತ್ತೇಳೂವರೆ ನಿಮಿಷವಾಗುತ್ತದೆ. ಸುತ್ತು 4 ನಿಮಿಷದ್ದೇ ಆಗಿದ್ದು, ಪ್ರತಿ ಸುತ್ತಿನಲ್ಲೂ 8 ಸೀಟುಗಳು ಫಾಸ್ಟ್‌ಟ್ರ್ಯಾಕಿನವರಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು 16. ಆಗ ಅದೇ 180 ಜನರಿಗೆ ಮುಕ್ಕಾಲು ಗಂಟೆ ಬೇಕು. ಸಾಲಿನ ಉದ್ದ ಮೂರು ಸಂದರ್ಭದಲ್ಲೂ ಒಂದೇ!

ಇದನ್ನು ಅಲ್ಲಿ ನಿಂತು ಮಾಡುವ ಬಗೆ ಹೀಗೆ. ಸಾಲಿಗೆ ಸೇರುವ ಮುಂಚೆ ಗಾಡಿ ಒಂದು ಸಲ ಹೊರಟಾಗ ಗಡಿಯಾರ ನೋಡಿಕೊಳ್ಳಿ, ಮತ್ತೊಂದು ಸಲ ಹೊರಟಾಗ ನೋಡಿ. ಹಾವಿನಂತೆ ಮಡಚಿಕೊಂಡಿರುವ ಸಾಲಿನ ಒಂದು ಮಡಿಕೆಯಲ್ಲಿ ಎಷ್ಟು ತಲೆಗಳಿವೆಯೆಂದು ಎಣಿಸಿ, ಅಂತಹ ಮಡಿಕೆಗಳು ಎಷ್ಟಿವೆಯೋ ಅಷ್ಟರಿಂದ ಗುಣಿಸಿ. ಬಂದದ್ದನ್ನು ಗಾಡಿಯ ಸೀಟುಗಳಿಂದ ಭಾಗಿಸಿ, ಒಂದು ಸುತ್ತಿನ ನಿಮಿಷಗಳಿಂದ ಗುಣಿಸಿದರೆ ಕಾಯಬೇಕಾದ ಹೊತ್ತು ಸಿಗುತ್ತದೆ. ಎಂಟು ವರ್ಷದ ಹುಡುಗನಿಗೆ ಈ ಲೆಕ್ಕ ಬರುತ್ತದೆ, ಅವನಿಗೇ ಒಪ್ಪಿಸಿ. ನಲವತ್ತು ನಿಮಿಷ ಮೀರುವ ಸಾಲಿಗೆ ಸೇರುವುದಿಲ್ಲವೆಂದು ಮೊದಲೇ ಗೊತ್ತುಮಾಡಿಕೊಂಡು, ಒಂದೇ ಒಂದು ರೈಡಿಗೆ ಮಾತ್ರ ಆ ನಿಯಮವನ್ನು ಮುರಿಯುವ ಹಕ್ಕನ್ನು ಮಕ್ಕಳಿಗೆ ಕೊಡಿ.

ಒರ್ಲ್ಯಾಂಡೊದಲ್ಲಿರುವ ಕನ್ನಡಿಗ:

ಅಕ್ಕಾ, ನಾವು ಹದಿನೈದು ವರ್ಷಗಳಿಂದ ಫ್ಲಾರಿಡಾದಲ್ಲಿದ್ದೇವೆ. ಇಲ್ಲಿನ ಡಿಸ್ನಿ ಪಾರ್ಕುಗಳಲ್ಲಿ ಸಾಲನ್ನು ನಿಭಾಯಿಸುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. 1999ರಲ್ಲಿ ಬಂದ ಫಾಸ್ಟ್‌ಪಾಸ್ ಎಂಬ ಚೀಟಿ ಪುಕ್ಕಟೆಯಾಗಿತ್ತು: ಯಂತ್ರದಿಂದ ಚೀಟಿ ತೆಗೆದುಕೊಂಡು, ಅದರಲ್ಲಿ ಬರೆದ ಸಮಯಕ್ಕೆ ಮರಳಿ ಬಂದರೆ ಚಿಕ್ಕ ಸಾಲಿನಲ್ಲಿ ಬಿಡುತ್ತಿದ್ದರು. ನಡುವೆ ಅದು ಮೊಬೈಲಿಗೆ ಬಂತು, 2020ರಲ್ಲಿ ನಿಂತುಹೋಯಿತು, 2021ರಲ್ಲಿ ಹಣ ಕೊಟ್ಟು ಪಡೆಯುವ ಲೈಟ್ನಿಂಗ್ ಲೇನ್ ಆಗಿ ಮರಳಿತು. ಪುಕ್ಕಟೆ ಚೀಟಿಯ ಕಾಲವನ್ನು ಕಂಡವನಾದ್ದರಿಂದ ಈ ಬದಲಾವಣೆ ನನಗೆ ಇಷ್ಟವಾಗಿಲ್ಲ. ಮೊದಲು ಎಲ್ಲರ ಕೈಯಲ್ಲೂ ಇದ್ದದ್ದು ಈಗ ಕೊಳ್ಳಬಲ್ಲವರ ಕೈಗೆ ಹೋಯಿತು.

ನಿಮಗೆ ಉಪಯೋಗವಾಗಬಹುದಾದ ಒಂದು ಪದ್ಧತಿ ಇಲ್ಲಿದೆ, ಅದಕ್ಕೆ ರೈಡರ್ ಸ್ವಿಚ್ ಎನ್ನುತ್ತಾರೆ. ಎತ್ತರ ಸಾಲದ ಮಗುವಿದ್ದರೆ ತಂದೆ ಮೊದಲು ರೈಡಿಗೆ ಹೋಗುತ್ತಾರೆ, ತಾಯಿ ಮಗುವಿನೊಂದಿಗೆ ಹೊರಗಿರುತ್ತಾರೆ. ತಂದೆ ಇಳಿದ ಮೇಲೆ ತಾಯಿ ಪೂರ್ತಿ ಸಾಲನ್ನು ಮತ್ತೆ ನಿಲ್ಲದೆ ಒಳಗೆ ಹೋಗುತ್ತಾರೆ. ಬಿಡದಿಯಲ್ಲಿಯೂ ಸಾಲಿನ ಬಾಯಿಯಲ್ಲಿರುವ ಸಿಬ್ಬಂದಿಯನ್ನು, ಸಾಲಿಗೆ ಸೇರುವ ಮುಂಚೆಯೇ, ಹೀಗೆ ಬದಲಾಗಿ ಹತ್ತಲು ಬಿಡುತ್ತೀರಾ ಎಂದು ವಿನಯದಿಂದ ಕೇಳಿ ನೋಡಿ. ಇಲ್ಲವೆಂದರೆ ಯಜಮಾನರೂ ಮಗಳೂ ದೊಡ್ಡ ರೈಡಿಗೆ ನಿಂತ ಹೊತ್ತಿನಲ್ಲಿ ನೀವು ಮಗನನ್ನು ಅವನ ವಯಸ್ಸಿನ ಎರಡು ರೈಡುಗಳಿಗೆ ಕರೆದೊಯ್ಯಿರಿ. ಐವರೂ ಎಲ್ಲೆಡೆ ಒಟ್ಟಿಗೇ ಇರಬೇಕೆಂಬ ಹಟವೇ ನಮ್ಮ ಕುಟುಂಬಗಳ ದಿನವನ್ನು ತಿನ್ನುತ್ತದೆ. ಅತ್ತೆಯವರನ್ನು ಯಾವ ಸಾಲಿನಲ್ಲೂ ನಿಲ್ಲಿಸಬೇಡಿ. ಶೌಚಾಲಯವೂ ನೆರಳೂ ಹತ್ತಿರವಿರುವ ಜಾಗವನ್ನು ಆರಿಸಿ ಕೂರಿಸಿ, ಗಂಟೆಗೊಮ್ಮೆ ಯಾರಾದರೂ ಒಬ್ಬರು ಅವರ ಬಳಿ ಬಂದು ಹೋಗುವಂತೆ ಮಾಡಿಕೊಳ್ಳಿ.

ಇಲ್ಲಿ ಪಾರ್ಕು ಮುಚ್ಚುವ ನಿಮಿಷದವರೆಗೂ ಸಾಲಿಗೆ ಸೇರಬಹುದು, ಸೇರಿದವರನ್ನು ಹತ್ತಿಸಿಯೇ ಕಳುಹಿಸುತ್ತಾರೆ. ಇದೇ ಕ್ರಮ ಎಲ್ಲ ಕಡೆಯೂ ಇರುತ್ತದೆಂದು ನಂಬಬೇಡಿ. ಯಾವ ಸಾಲು ಎಷ್ಟು ಗಂಟೆಗೆ ಮುಚ್ಚುತ್ತದೆಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಶಿವಮೊಗ್ಗದ ಗೃಹಿಣಿ:

ಇಷ್ಟೊಂದು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ಕೃತಜ್ಞಳು. ಒಂದು ಮಾತು ಮಾತ್ರ ಉಳಿದಿದೆ. ಮಗಳು ಫಾಸ್ಟ್‌ಟ್ರ್ಯಾಕ್ ಬೇಕೇ ಬೇಕೆನ್ನುತ್ತಿದ್ದಾಳೆ. ಹಣ ಕೊಟ್ಟು ಇನ್ನೊಬ್ಬರನ್ನು ದಾಟಿ ಹೋಗುವುದನ್ನು ಮಕ್ಕಳಿಗೆ ನಾವೇ ಕಲಿಸಿದಂತಾಗುವುದಿಲ್ಲವೇ ಎಂದು ಯಜಮಾನರ ಪ್ರಶ್ನೆ. ನನಗೂ ಮನಸ್ಸು ಒಪ್ಪುತ್ತಿಲ್ಲ.

ರಾಮನಗರದ ನಿವಾಸಿ:

ಯಜಮಾನರ ಮಾತನ್ನು ನಾನು ಗೌರವಿಸುತ್ತೇನೆ, ಆದರೂ ಕಂಬಿಯಡಿ ನುಗ್ಗುವುದನ್ನೂ ಪಾರ್ಕೇ ಮಾರುವ ಟಿಕೆಟನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ದೂರದ ಊರಿನಿಂದ ಬಂದವರು, ಭಾನುವಾರ ಬಿಟ್ಟು ಬೇರೆ ದಿನ ಸಿಗದವರು, ಹೆಚ್ಚು ಹೊತ್ತು ನಿಲ್ಲಲಾಗದವರು ಅದನ್ನು ಕೊಂಡರೆ ನಾನು ತಪ್ಪೆನ್ನುವುದಿಲ್ಲ. ನಿಮ್ಮ ವಿಷಯಕ್ಕೆ ಬಂದರೆ, ದೊಡ್ಡ ರೈಡುಗಳನ್ನು ಹತ್ತದ ಅತ್ತೆಯವರಿಗೂ ಎತ್ತರ ಸಾಲದ ಮಗನಿಗೂ ಅದು ದಂಡ. ಇಬ್ಬರಿಗೆ ಮಾತ್ರ ಕೊಂಡರೆ ಕುಟುಂಬ ಎರಡು ಭಾಗವಾಗುತ್ತದೆ. ಮಂಗಳವಾರ ಹೋಗುವುದು ಖಚಿತವಾದರೆ ಸಾಮಾನ್ಯ ಟಿಕೆಟ್ಟೇ ಸಾಕು. ಭಾನುವಾರವೇ ಗತಿಯೆಂದಾದರೆ ಮತ್ತೆ ಯೋಚಿಸಿ. ಕೊಳ್ಳುವ ಮುಂಚೆ ಅದು ಯಾವ ಯಾವ ರೈಡಿಗೆ, ಎಷ್ಟು ಸಲ ಎಂದು ಓದಿ ನೋಡಿ.

ಶಿವಮೊಗ್ಗದ ಗೃಹಿಣಿ:

ಹೋಗಿ ಬಂದೆವು, ಆದ್ದರಿಂದ ತಿಳಿಸಬೇಕೆನಿಸಿತು. ಮಂಗಳವಾರ, ಐವರಿಗೂ ಸಾಮಾನ್ಯ ಟಿಕೆಟ್. ಬಾಗಿಲು ತೆರೆಯುವ ಮುಂಚೆಯೇ ನಿಂತಿದ್ದೆವು ಮತ್ತು ಅಪ್ಪ ಮಗಳು ನೇರವಾಗಿ ರಿಕಾಯಿಲ್ ಕಡೆಗೆ ಹೋದರು. ಮಗನ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಅಳೆದಿದ್ದೆವು. ತನಗೆ ಯಾವುದು ಸಿಗುವುದಿಲ್ಲವೆಂದು ಅವನೇ ಅಕ್ಕನಿಗೆ ಹೇಳುತ್ತಿದ್ದ. ಅತ್ತೆ ಒಂದು ಮರದ ನೆರಳಿನ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಕೂತಿದ್ದ ತಿಪಟೂರಿನ ಒಬ್ಬ ಅಜ್ಜಿಯೊಂದಿಗೆ ಸಂಜೆಯವರೆಗೂ ಮಾತಾಡಿದರು. ನಾವು ಸ್ಕೈ ವೀಲ್ ಎಂಬ ದೊಡ್ಡ ತಿರುಗುಚಕ್ರವನ್ನು ಹತ್ತಲು ಹೊರಟಾಗ ಮಾತ್ರ ಎದ್ದು ಬಂದು ತಾವೂ ನಿಂತರು.

ಸಂಜೆ ಎಲ್ಲ ಕಡೆಯೂ ಜನ ಇದ್ದರು, ಸಾಲೂ ಇತ್ತು. ಒಂದು ರೈಡಿನ ಮುಂದೆ ಮಗ ತಲೆಗಳನ್ನು ಎಣಿಸಿ, ಅಪ್ಪನ ಗಡಿಯಾರ ನೋಡಿ, “ಅಪ್ಪಾ, ನಮ್ಮದು ಆರನೇ ಸುತ್ತು” ಎಂದ. ಮೂರನೇ ಸುತ್ತಿನಲ್ಲಿ ಯಾರೋ ಕೊನೆಯ ಕ್ಷಣದಲ್ಲಿ ಹೆದರಿ ಇಳಿದಿದ್ದರಿಂದ ಎಲ್ಲರ ಕಂಬಿಯನ್ನೂ ಬಿಚ್ಚಿ ಮತ್ತೆ ಹಾಕಿದರು. ಅದನ್ನು ನೋಡಿದ ಅವನು ಬೆರಳು ಮಡಚಿ, “ಇನ್ನೂ ಎರಡು ನಿಮಿಷ ಸೇರಿಸು” ಎಂದ. ಆರನೇ ಸುತ್ತಿನಲ್ಲೇ ಕೂತೆವು.